ಶೇಖರಣ್ಣನ ಗೇಣು

ಶೇಖರಣ್ಣನ ಗೇಣು ಸರಿಯಾಗಿ ಒಂಬತ್ತು ಇಂಚು. ತಮ್ಮ ಉಕ್ಕಿನ ಸ್ಕೇಲಿನ ಮೇಲೆ ಹೆಬ್ಬೆರಳು, ಕಿರುಬೆರಳು ಚಾಚಿ ಅವರೇ ನಮಗೆ ತೋರಿಸಿದ್ದರು. ಗಲ್ಫಿನ ಸೊಹಾರ್‌ನ ಕಾರ್ಖಾನೆಯೊಂದರಲ್ಲಿ ವಾರವಿಡೀ ಕೊಳವೆಗಳ ಅಳತೆ ಪರೀಕ್ಷಿಸುವುದು ಅವರ ಕೆಲಸ. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಕಡಲತಡಿಯ ಬಂಡೆಗಳ ಮೇಲೆ ಕೂತು ಗಾಳ ಹಾಕುವುದು, ಜೊತೆಯವರು ಹಿಡಿದ ಮೀನಿನ ಜಾತಿ ಹೇಳಿ ಗೇಣು ಹಾಕುವುದು ಅವರ ಖುಷಿ. ಎರಡು ಗೇಣು ತುಂಬದ ಹಮೂರ್ ಮೀನು ಸಮುದ್ರಕ್ಕೆ ವಾಪಸು. "ಇವನಿನ್ನೂ ಟ್ರೈನಿ, ಹೋಗ್ಲಿ ಪಾಪ," ಎನ್ನುತ್ತಿದ್ದರು.

ನಾನೂ ಅದೇ ಕಾರ್ಖಾನೆಯವನು; ವಿಜಯಪುರದ ಕಡೆಯವನು, ಮೀನು ತಿನ್ನದವನು. ಕಾರಿದೆ ಎಂಬ ಒಂದೇ ಕಾರಣಕ್ಕೆ ಆ ಗುಂಪಿಗೆ ಸೇರಿದ್ದೆ. ಆದರೂ ಅಳತೆಯ ತಕರಾರು ಬಂದರೆ ಸಾಕ್ಷಿಗೆ ನನ್ನನ್ನೇ ಕರೆಯುತ್ತಿದ್ದರು. "ಪಾಟೀಲ್ರು ನೋಡ್ಲಿ ಮಾರಾಯ್ರೆ. ತಿನ್ನುವವನು ಬಾಲ ಎಳೆದು ಅಳೀತಾನೆ."

ಅವರದೊಂದು ಕಟ್ಟಳೆಯಿತ್ತು: ಹೆಸರು ಹೇಳದೆ ಮೀನು ಮುಟ್ಟಬಾರದು. ಆ ಬಂಡೆಗಳ ಸಂದಿಯಲ್ಲಿ ಹಮೂರ್ ಮರಿಯ ಹಾಗೇ ಕಂದು ಬಣ್ಣದ, ಬೆನ್ನ ಮುಳ್ಳಿನಲ್ಲಿ ವಿಷವಿರುವ ಮೀನೂ ಇರುತ್ತದೆ. "ಮೊದಲು ಮುಖ ನೋಡಿ. ಹಮೂರಿನ ಕೆನ್ನೆ ನುಣ್ಣಗೆ ಇರ್ತದೆ. ಆ ದರಿದ್ರದ್ದಕ್ಕೆ ಕೆನ್ನೆಯಲ್ಲೂ ಮುಳ್ಳು."

ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷಗಳವು. ಯಾರ ಫೋನು ಯಾವಾಗ ಬಡಿದುಕೊಳ್ಳುತ್ತದೋ, ಯಾರಿಗೆ 'ಖಲಾಸ್' ಎನ್ನುತ್ತಾರೋ ಹೇಳುವಂತಿರಲಿಲ್ಲ. ಸಿಕ್ ಲೀವ್ ಹಾಕಿದವರ ಹೆಸರು ಕೆಲಸದಿಂದ ತೆಗೆಯುವವರ ಪಟ್ಟಿಯಲ್ಲಿ ಮೊದಲು ಬರುತ್ತದೆ ಎಂಬ ಸುದ್ದಿಯಿತ್ತು. ನಿಜವೋ ಸುಳ್ಳೋ, ನಾವೆಲ್ಲ ಜ್ವರವನ್ನೂ ಮಾತ್ರೆ ನುಂಗಿ ಮುಚ್ಚಿಡುತ್ತಿದ್ದೆವು.

ಒಂದು ಶುಕ್ರವಾರ ನಾವಿಬ್ಬರೇ ಹೋಗಿದ್ದೆವು. ಶೇಖರಣ್ಣ ಗಾಳ ಎಳೆದದ್ದಕ್ಕೂ ಅವರ ಫೋನು ಬಡಿದುಕೊಂಡದ್ದಕ್ಕೂ ಸರಿಹೋಯಿತು. ಅವರ ಮುಖ ಬಿಳಿಚಿತು. ಕಣ್ಣು ಫೋನಿನ ಕಡೆ, ಕೈ ಮೀನಿನ ಕಡೆ. ಇಪ್ಪತ್ತು ವರ್ಷ ನಮಗೆ ಹೇಳಿಕೊಟ್ಟದ್ದನ್ನು ಅವರೇ ಮರೆತರು.

ವಿಷದ ಮುಳ್ಳು ಕಿರುಬೆರಳ ಬುಡಕ್ಕೆ ಇಳಿಯಿತು. ಕೈಯನ್ನು ಮೊಣಕಾಲುಗಳ ನಡುವೆ ಅದುಮಿಕೊಂಡು ಕುಸಿದರು. ಫೋನು ಸುರತ್ಕಲ್ಲಿನಿಂದ ಅವರ ಹೆಂಡತಿಯದು. ಗ್ಯಾಸ್ ಬುಕ್ಕಿಂಗ್ ನಂಬರು ಕೇಳಲು.

"ಬಿಸಿನೀರು ಬೇಕು, ಈ ವಿಷಕ್ಕೆ ಅದೇ ಮದ್ದು," ಎಂದರು. ಪೆಟ್ರೋಲ್ ಪಂಪಿನ ಪಕ್ಕದ ಚಹಾದಂಗಡಿಯಲ್ಲಿ ಬೋಗುಣಿ ಬೇಡಿ ಕೈ ಅದ್ದಿಸಿದೆ. ಊತ ಮೊಣಕೈಗೇರಿತ್ತು. ತುಟಿ ನೀಲಿಯಾಗುತ್ತಿತ್ತು.

"ದವಾಖಾನಿಗೆ ನಡೀರಿ ಶೇಖರಣ್ಣ."

"ಬೇಡ. ಚೀಟಿ ಬರೀತಾರೆ, ಚೀಟಿ ಆಫೀಸಿಗೆ ಹೋಗ್ತದೆ. ಮಗಳ ಓದಿನ ಕೊನೇ ವರ್ಷ, ಪಾಟೀಲ್ರೆ."

ಒಪ್ಪಿ ಕಾರನ್ನು ಅವರ ರೂಮಿನ ಕಡೆಗೇ ತಿರುಗಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರ ತಲೆ ಕಿಟಕಿಗೆ ವಾಲಿತು. ಕರೆದರೆ ಓಗೊಡಲಿಲ್ಲ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಕೇಳದೆ ಆಸ್ಪತ್ರೆಗೆ ತಿರುಗಿಸಿದೆ. ಅಲ್ಲಿ ಕರೆತಂದವರ ಹೆಸರು, ಕಂಪನಿ ಕೇಳಿದಾಗ ನನ್ನ ಪೆನ್ನು ತಡೆಯಿತು. ಒಳಗೆ ಒಬ್ಬ ಮನುಷ್ಯ ಸಾಯುತ್ತಿರಬಹುದು, ನಾನು ಆ ಪಟ್ಟಿಯನ್ನು ನೆನೆಯುತ್ತಿದ್ದೆ. ಈಗಲೂ ಅದಕ್ಕೆ ನಾಚಿಕೆಯಾಗುತ್ತದೆ.

ಶೇಖರಣ್ಣ ಬದುಕಿದರು. ಚೀಟಿಯಲ್ಲಿ ಹದಿನೈದು ದಿನದ ವಿಶ್ರಾಂತಿ ಬರೆದಿತ್ತು. ಮರುತಿಂಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ನನ್ನದಿರಲಿಲ್ಲ.

ವಿಮಾನ ನಿಲ್ದಾಣಕ್ಕೆ ಹೊರಟ ಕಂಪನಿ ಬಸ್ಸಿನ ಬಳಿ ಹೋಗಿ, "ನನ್ನಿಂದ ಹಿಂಗಾತ್ರಿ," ಎಂದೆ.

"ಹೆಸರು ಮೊದಲೇ ಬರ್ದಿದ್ರೋ ಏನೋ, ಯಾರಿಗೆ ಗೊತ್ತು? ಜೀವ ಹಿಡ್ಕೊಂಡು ಹೋಗ್ತಾ ಇದ್ದೇನಲ್ಲ," ಎಂದರು. ಆಮೇಲೆ ಚೀಲದಿಂದ ಆ ಉಕ್ಕಿನ ಸ್ಕೇಲು ತೆಗೆದು ನನ್ನ ಕೈಗಿಟ್ಟರು. "ಇದು ನಿಮಗಿರ್ಲಿ. ನನ್ನ ಗೇಣು ಇನ್ನು ಲೆಕ್ಕಕ್ಕಿಲ್ಲ."

ಬಸ್ಸು ಹೊರಟಾಗ ಕಿಟಕಿಯಿಂದ ಕೈ ಬೀಸಿದರು. ನಾಲ್ಕು ಬೆರಳು ಬಿಚ್ಚಿದ್ದವು. ಕಿರುಬೆರಳು ಮಡಚಿಯೇ ಇತ್ತು.