ಗೂಳಿ ದೊಡ್ಡೋನಾ, ಗುಬ್ಬಿ ದೊಡ್ಡೋನಾ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಹನ್ನೆರಡು ನಿಮಿಷ ಬಾಕಿ ಇರುವಾಗ ಕರೆಂಟು ಹೋಯಿತು. ಟೀವಿಯ ಮೇಲಿದ್ದ ಸೆಲ್ಲಿನ ಗಡಿಯಾರವನ್ನು ನೋಡಿದವಳು ನಾನೇ, ಅದಕ್ಕೇ ಆ ಹೊತ್ತು ನನಗೆ ಅಷ್ಟು ಖಚಿತ. ಕರೆಂಟು ಹೋಗುವುದು ನಮ್ಮ ಊರಿನಲ್ಲಿ ದೊಡ್ಡ ಸಂಗತಿಯಾಗಿರಲಿಲ್ಲ. ಆದರೂ ನಮ್ಮ ಮನೆ ಕೆಟ್ಟದ್ದು ಯಾವಾಗ ಎಂದು ನನ್ನನ್ನೇ ನಾನು ಕೇಳಿಕೊಂಡಾಗಲೆಲ್ಲ ನೆನಪಿನಲ್ಲಿ ಆ ಗಡಿಯಾರದ ಮುಂದೆ ಹೋಗಿ ನಿಲ್ಲುತ್ತೇನೆ. ಮೊನ್ನೆ ಹಿರಿಯೂರಿನ ಬಸ್ ನಿಲ್ದಾಣದ ಹೊರಗೆ ಮುದುಕನೊಬ್ಬ ನೆಲದ ಮೇಲೆ ಕಂಬಳಿ ಹರವಿಕೊಂಡು ಕೂತಿದ್ದ. ಒಂದು ಕಂಬಳಿಯ ಮಡಿಕೆ ಬಿಚ್ಚಿ ಕೊಡವಿದ ಕೂಡಲೇ ಹುಣಸೆಬೀಜದ ಗಂಜಿಯ ವಾಸನೆ ಬಂತು: ತುಸು ಹುಳಿ, ತುಸು ಸೀದದ್ದು, ಅದರ ಅಡಿಯಲ್ಲಿ ಕುರಿಮೈಯ ಬಿಸುಪು. ನಿಮಗೂ ಇಂಥದೊಂದು ವಾಸನೆ ಇದ್ದೀತು; ದಾರಿಯಲ್ಲಿ ಹೋಗುತ್ತಿದ್ದವರನ್ನು ಹಿಡಿದು, ಈಗಿಲ್ಲದ ಮನೆಯೊಂದರ ಅಂಗಳದಲ್ಲಿ ಕೂರಿಸಿಬಿಡುವಂಥದ್ದು. ನಾನು ಅಲ್ಲೇ ನಿಂತೆ. ನನ್ನ ಬಸ್ಸು ಹೋಯಿತು.

ನಮ್ಮ ಮನೆ ಹೊಳಲ್ಕೆರೆ ದಾರಿಯ ಒಂದು ಸಣ್ಣ ಊರಿನಲ್ಲಿತ್ತು. ಈಗ ಆ ಜಾಗದಲ್ಲಿ ತಾರಸಿಯ ಮನೆಗಳಿವೆ, ಹಿಂದಿನ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಆಗ ಪಡಸಾಲೆಯ ಒಂದು ಮೂಲೆಯಲ್ಲಿ ಅಜ್ಜನ ಕಂಬಳಿ ಮಗ್ಗ, ಇನ್ನೊಂದು ಮೂಲೆಯಲ್ಲಿ ಟೀವಿ, ಚಳಿಗಾಲದಲ್ಲಿ ಎರಡರ ನಡುವೆ ತಾಯಿ ಸತ್ತ ಕುರಿಮರಿಗಳು. ಕುರಿ ಸಾಕುವುದು, ಉಣ್ಣೆ ಕತ್ತರಿಸುವುದು, ನೂಲುವುದು, ನೇಯುವುದು ಇಷ್ಟೇ ನಮ್ಮ ಮನೆಯ ಕಸುಬು. ಅಪ್ಪ, ದೊಡ್ಡಪ್ಪ ವರ್ಷದ ಬಹುಪಾಲು ದೊಡ್ಡ ಹಿಂಡಿನ ಜೊತೆ ದೂರದ ಊರುಗಳಲ್ಲಿ ಅಲೆಯುತ್ತಿದ್ದರು. ಅಂಗಳದಲ್ಲಿ ನಾಲ್ಕು ಕಲ್ಲುಗಂಬಗಳಿದ್ದವು. ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಸವರಲಿಕ್ಕೆ ನೆಟ್ಟವು ಅವು. ನೂಲಿಲ್ಲದ ದಿನ ಚಿಕ್ಕಪ್ಪ ಅವಕ್ಕೆ ಸುತ್ತಲೂ ಆಡಿನ ಕೂದಲಿನ ಹಗ್ಗ ಬಿಗಿದು, ನಡುವೆ ಕತ್ತರಿಸಿದ ಉಣ್ಣೆಯನ್ನು ಗುಡ್ಡೆ ಹಾಕಿದರೆ ಟೀವಿಯಲ್ಲಿ ಕಾಣುವ ಕುಸ್ತಿಯ ರಿಂಗು ನಮ್ಮ ಅಂಗಳಕ್ಕೆ ಬಂದಂತಾಗುತ್ತಿತ್ತು.

ಆ ಕುಸ್ತಿ ಪ್ರತಿ ಭಾನುವಾರ ಮಧ್ಯಾಹ್ನ ಬರುತ್ತಿತ್ತು. ಎಲ್ಲಿಯದೋ ದೇಶದ ಕಟ್ಟುಮಸ್ತಾದ ಗಂಡಸರು, ಹೊಳೆಯುವ ಚಡ್ಡಿ, ಕಿವಿಗಡಚಿಕ್ಕುವ ಕೂಗು. ಅವರಿಗೆ ಇಂಗ್ಲಿಷಿನಲ್ಲಿ ಏನೇನೋ ಹೆಸರುಗಳಿದ್ದವು. ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಅಜ್ಜಿ ಇಟ್ಟ ಹೆಸರುಗಳು ಮಾತ್ರ. ತಲೆ ಬೋಳಿಸಿಕೊಂಡು, ಯಾರ ಜೊತೆಗೂ ಮಾತಾಡದೆ ನೆಟ್ಟಗೆ ನುಗ್ಗಿ ಬರುವ ದೈತ್ಯ ಅಜ್ಜಿಗೆ ಗೂಳಿ. ಮುಖಕ್ಕೆ ನೀಲಿ ಮುಸುಕು ಹಾಕಿಕೊಂಡು ಹಗ್ಗದ ತುದಿಗೆ ಹತ್ತಿ ಅಲ್ಲಿಂದ ಹಾರುವ ಕುಳ್ಳ ಗುಬ್ಬಿ. ಹೊರಕೆರೆದೇವಪುರದಲ್ಲಿ ಹುಟ್ಟಿ, ಈ ಮನೆಗೆ ಸೊಸೆಯಾಗಿ ಬಂದು, ಎರಡು ಊರುಗಳಾಚೆಗೆ ಏನೂ ಕಾಣದ ಅಜ್ಜಿ ಆ ಗಂಡಸರ ಸೋಲು ಗೆಲುವಿಗೆ ಅಡಿಕೆಲೆ ಅಗಿಯುವುದನ್ನೇ ಮರೆಯುತ್ತಿದ್ದಳು.

ಇವರಲ್ಲಿ ಯಾರು ದೊಡ್ಡವರು ಎಂಬುದರ ಮೇಲೆ ನಮ್ಮ ಮನೆ ಎರಡು ಪಾಲಾಗಿತ್ತು. ದೊಡ್ಡಪ್ಪನ ಮಗ ಬೀರೇಶ ಗೂಳಿಯ ಕಡೆ. ಅವನಿಗೆ ಹದಿನಾರು ವರ್ಷ, ಜೋಳದ ಚೀಲದಂಥ ಮೈ, ಹೊಡೆದು ಗೆಲ್ಲುವುದೇ ದೊಡ್ಡದು ಎಂಬ ನಂಬಿಕೆ. ಅಪ್ಪನ ಕೊನೆಯ ತಮ್ಮ ತಿಪ್ಪೇಶಿ ಚಿಕ್ಕಪ್ಪ ಗುಬ್ಬಿಯ ಕಡೆ. ಚಿಕ್ಕಪ್ಪನಿಗೆ ಇಪ್ಪತ್ತಮೂರು, ಸಣಕಲು ಮೈ, ಮಗ್ಗದ ಮೇಲೆ ಓಡಾಡಿ ಹಗುರಾದ ಕೈಗಳು. ಟೀವಿ ಮುಗಿದ ಮೇಲೆ ಶುರುವಾದ ವಾದ ರಾಗಿಮುದ್ದೆ ತಟ್ಟೆಗೆ ಬೀಳುವವರೆಗೂ ನಡೆಯುತ್ತಿತ್ತು.

"ಗೂಳಿ ಎದ್ರಿಗೆ ನಿಂತು ಉಸಿರು ಬಿಟ್ರೆ ಸಾಕು, ನಿನ್ನ ಗುಬ್ಬಿ ಹಾರಿ ಹೊಸದುರ್ಗದಾಗೆ ಬೀಳ್ತಾನೆ," ಎನ್ನುತ್ತಿದ್ದ ಬೀರೇಶ.

"ಲೇ ಬೀರ, ಗೆಲ್ಲಾದು ಟಗರೂ ಗೆಲ್ತೈತೆ. ಬೀಳಾದು ನೋಡಲೇ. ಎದುರಿಗಿರೋನಿಗೂ ನೋವಾಗಬಾರದು, ತನಗೂ ಆಗಬಾರದು, ನೋಡೋರ ಎದೆ ಮಾತ್ರ ಧಸಕ್ ಅನ್ಬೇಕು. ಹಂಗೆ ಬೀಳೋಕೆ ಬರೋನು ದೊಡ್ಡೋನು."

"ಇಬ್ರೂ ದೊಡ್ಡೋರೇ ಕಣ್ರಪ್ಪ," ಎನ್ನುತ್ತಿದ್ದಳು ಅಜ್ಜಿ, "ಚಡ್ಡಿ ಮಾತ್ರ ಸಣ್ಣವು."

ಹರೆಯದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡಿದ್ದ ಅಜ್ಜ, ಇದೆಲ್ಲ ನಾಟಕ, ನಿಜವಾದ ಪೈಲ್ವಾನ ಹೀಗೆ ಅರಚುವುದಿಲ್ಲ ಎಂದು ಮಗ್ಗದಿಂದಲೇ ಗೊಣಗುತ್ತಿದ್ದ. ಆದರೆ ಗುಬ್ಬಿ ಹಗ್ಗ ಹತ್ತಿದನೆಂದರೆ ಮಗ್ಗದ ಸದ್ದು ನಿಲ್ಲುತ್ತಿತ್ತು. ಇಂಗ್ಲಿಷಿನಲ್ಲಿ ಎಣಿಸಲು ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಹತ್ತು ವರ್ಷದ ನಾನು ಅಂಗಳದ ಕುಸ್ತಿಗೆ ರೆಫ್ರಿ. ಬಿದ್ದವನ ಪಕ್ಕ ಮಂಡಿಯೂರಿ ನೆಲಕ್ಕೆ ಬಡಿಯುತ್ತ ಮೂರರವರೆಗೆ ಎಣಿಸಬೇಕು. ಅದಕ್ಕೂ ಮೊದಲು, ಆಟ ಶುರುವಾಗುವ ಮುಂಚೆ, ಉಣ್ಣೆಯ ಗುಡ್ಡೆಯೊಳಗೆ ಭುಜದವರೆಗೆ ಕೈ ತೂರಿಸಿ ಒಳಗೆ ಯಾರಾದರೂ ಕತ್ತರಿಯನ್ನೋ ನೂಲುವ ಕದಿರನ್ನೋ ಬಿಟ್ಟಿದ್ದಾರೇನೋ ನೋಡಬೇಕು. ಇದು ಚಿಕ್ಕಪ್ಪ ಮಾಡಿದ ಕಾನೂನು. ಗದ್ದ ಎದೆಗೆ ಒತ್ತಿ, ಕೈ ಅಗಲಿಸಿ, ಬೆನ್ನಿಡೀ ಒಂದೇ ಸಲ ತಾಗುವಂತೆ ಬೀಳುವುದನ್ನು ಅವನು ಸಂಜೆ ಸಂಜೆ ಅಭ್ಯಾಸ ಮಾಡುತ್ತಿದ್ದ. ಎದ್ದಾಗ ಹುಬ್ಬಿನಲ್ಲಿ, ಮೀಸೆಯಲ್ಲಿ ಉಣ್ಣೆಯ ಎಳೆಗಳು ಸಿಕ್ಕಿಕೊಂಡು ಅವನೇ ಒಂದು ಮರಿಯಂತೆ ಕಾಣುತ್ತಿದ್ದ.

ಆ ಭಾನುವಾರ ಮೊದಲ ಬಾರಿಗೆ ಗೂಳಿಗೂ ಗುಬ್ಬಿಗೂ ಎದುರುಬದುರು ಕುಸ್ತಿ. ಶುಕ್ರವಾರ ಕೆರೆಯಲ್ಲಿ ತೊಳೆದು ತಂದ ಉಣ್ಣೆ ಕಲ್ಲುಗಂಬಗಳ ನಡುವೆ ಒಣಗುತ್ತಿತ್ತು. ಬೆಳಿಗ್ಗೆ ಅಜ್ಜಿ ಹೇಳಿದ್ದಳು, "ಮೇಲಿಂದು ಒಣಗೈತೆ, ಅಡೀಲಿ ಹಸಿ ಐತೆ, ಮಧ್ಯಾಹ್ನ ಒಂದ್ಸಲ ತಿರುವಿ ಹಾಕ್ರಿ." ಟೀವಿಯ ಮುಂದೆ ಜಾಗ ಹಿಡಿಯುವ ಗಡಿಬಿಡಿಯಲ್ಲಿ ಯಾರೂ ತಿರುವಿ ಹಾಕಲಿಲ್ಲ, ಅಜ್ಜಿಯೂ ಮತ್ತೆ ಕೇಳಲಿಲ್ಲ. ಗೂಳಿ ಅಂಗಾತ ಬಿದ್ದಿದ್ದ. ಗುಬ್ಬಿ ಹಗ್ಗದ ಮೇಲಿನ ತುದಿಯಲ್ಲಿ ಎರಡೂ ಕೈ ಚಾಚಿ ನಿಂತಿದ್ದ. ಆಗ ಕರೆಂಟು ಹೋಯಿತು. ಪರದೆಯ ನಡುವೆ ಒಂದು ಬಿಳಿ ಚುಕ್ಕೆ ಉಳಿದು, ಅದೂ ಆರಿತು. ಹತ್ತು ನಿಮಿಷ ಕಾದೆವು. ಬರಲಿಲ್ಲ. ಗುಬ್ಬಿ ಹಾರಿ ಗೂಳಿಯ ಎದೆಯ ಮೇಲೆ ಬಿದ್ದೇ ಇರುತ್ತಾನೆ ಎಂದ ಚಿಕ್ಕಪ್ಪ. ಗೂಳಿ ಉರುಳಿ ತಪ್ಪಿಸಿಕೊಂಡಿರುತ್ತಾನೆ, ಗುಬ್ಬಿ ಬರಿ ನೆಲಕ್ಕೆ ಎಂದ ಬೀರೇಶ. ಮಾತಿಗೆ ಮಾತು ಬೆಳೆಯಿತು.

"ಬಾರಲೇ ಹಂಗಾರೆ, ಅಂಗಳಕ್ಕೆ ಹೋಗಾಣ. ನೀನು ಮಲಕ್ಕ, ನಾನು ಹಾರ್ತೀನಿ. ನೋಡೇಬಿಡಾಣ," ಎಂದ ಚಿಕ್ಕಪ್ಪ.

ಬೀರೇಶ ಉಣ್ಣೆಯ ಮೇಲೆ ಅಂಗಾತ ಮಲಗಿದ. ಚಿಕ್ಕಪ್ಪ ಕಂಬಗಳಿಗೆ ಹಗ್ಗ ಬಿಗಿದು, ಅಂಗಳಕ್ಕೆ ತಾಗಿದ್ದ ಕುರಿಹಟ್ಟಿಯ ಗೋಡೆ ಹತ್ತಿದ. ಆಳುದ್ದಕ್ಕಿಂತ ಮೇಲಿದ್ದ ಗೋಡೆ. ನಾನು ರೂಢಿಯಂತೆ ಗುಡ್ಡೆಯೊಳಗೆ ಕೈ ತೂರಿಸಿದೆ. ಮೊಣಕೈವರೆಗೆ ಬೆಚ್ಚಗಿತ್ತು. ಅಲ್ಲಿಂದ ಮುಂದೆ ತಣ್ಣಗೆ, ಒದ್ದೆಯಾಗಿ, ಅಂಟಾಗಿ, ಕೆರೆಯ ತಳದ ಮಣ್ಣಿನ ಹಾಗೆ ಗಟ್ಟಿಯಾಗಿತ್ತು. ಹಸಿ ಉಣ್ಣೆ ಕುಗ್ಗಿ ಕಚ್ಚಿಕೊಳ್ಳುತ್ತದೆ, ಬಿದ್ದವರನ್ನು ಹಿಡಿಯುವುದಿಲ್ಲ ಎಂಬುದು ನಮ್ಮಂಥ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ನಾನು ಕೈ ತೆಗೆದೆ. ಗೋಡೆಯ ಮೇಲಿಂದ ಚಿಕ್ಕಪ್ಪ ಕೇಳಿದ, "ಏನೇ ಗಿರಿಜಿ, ಎಲ್ಲಾ ಸರಿ ಐತಾ?"

"ಸರಿ ಐತೆ," ಎಂದೆ.

ಏಕೆ ಹಾಗೆಂದೆನೋ. ಬೇಡ ಎಂದರೆ ಆಟ ನಿಲ್ಲುತ್ತಿತ್ತು. ಉಣ್ಣೆ ತಿರುವಲು ನನ್ನನ್ನೇ ಕೂರಿಸುತ್ತಿದ್ದರು. ಗುಬ್ಬಿ ಬಿದ್ದನೋ ಇಲ್ಲವೋ ಎಂಬುದು ತಿಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಈ ಕಾರಣಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದೇನೆ, ಯಾವುದೂ ಆ ಎರಡು ಮಾತಿಗೆ ಸಾಲುವುದಿಲ್ಲ. ಚಿಕ್ಕಪ್ಪ ಕೈ ಚಾಚಿದ, ಹಾರಿದ. ಅವನು ಗಾಳಿಯಲ್ಲಿದ್ದಾಗ ಬೀರೇಶ ಹೊರಳಿದ. ಗೆಲ್ಲಬೇಕೆಂದು ಹೊರಳಿದನೋ, ಮೇಲಿಂದ ಬರುತ್ತಿದ್ದ ಮೈ ಕಂಡು ಹೆದರಿ ಹೊರಳಿದನೋ ಅವನಿಗೇ ಗೊತ್ತಿಲ್ಲ. ಕೆಳಗಿನವನು ಜಾಗ ಬಿಟ್ಟದ್ದು ಕಂಡು ಚಿಕ್ಕಪ್ಪ ನಡುವೆಯೇ ಮೈ ತಿರುಗಿಸಲು ನೋಡಿದ. ತಲೆ ಮೊದಲು ತಾಗಿತು. ತುಂಬಿದ ಚೀಲವನ್ನು ಗಾಡಿಯಿಂದ ಕೆಡವಿದಂಥ ಸದ್ದು, ಅಷ್ಟೇ. ನಾನು ಮಂಡಿಯೂರಿ, ನೆಲ ಬಡಿದು, ಮೂರರವರೆಗೂ ಎಣಿಸಿದೆ.

ಬೀರೇಶ ಕುಣಿದ. ಚಿಕ್ಕಪ್ಪ ಕಣ್ಣು ತೆರೆದುಕೊಂಡೇ ಮಲಗಿದ್ದ. "ಗಿರಿಜಿ, ನನ್ನ ಕೈ ಎಲ್ಲಿ ಅವೆ ನೋಡೇ," ಎಂದ, ಬಹಳ ಮೆಲ್ಲಗೆ. ನಾವು ನಕ್ಕೆವು. ಸೋತವನು ಹೀಗೆ ಬಿದ್ದುಕೊಂಡು ನೋವಿನ ಅಭಿನಯ ಮಾಡುವುದು ಆ ಆಟದ ಅರ್ಧ ಸೊಗಸು. ಅದರಲ್ಲಿ ನಮ್ಮ ಚಿಕ್ಕಪ್ಪನನ್ನು ಮೀರಿಸುವವರಿರಲಿಲ್ಲ. ಅಜ್ಜ ಪಡಸಾಲೆಯಿಂದ, "ಏಳಲೇ ನಾಟಕದೋನೆ, ಕುರಿ ಬರೋ ಹೊತ್ತಾತು," ಎಂದ. ಹೀಗೆ ಬಿದ್ದರೆ ಗುಬ್ಬಿ ಸೋತಂತೆ ಹೌದೋ ಅಲ್ಲವೋ ಎಂದು ನಾನೂ ಬೀರೇಶನೂ ಅವನ ಮೈಯ ಆಚೀಚೆ ನಿಂತು ಜಗಳವಾಡಿದೆವು. ಎಷ್ಟು ಹೊತ್ತೋ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಅಜ್ಜಿ ಹಗ್ಗದ ಹೊರಗೇ ನಿಂತುಬಿಟ್ಟಳು. ಒಂದು ನೊಣ ಚಿಕ್ಕಪ್ಪನ ತುಟಿಯಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿನ ಅಂಚಿಗೆ ನಡೆದುಹೋಗುತ್ತಿತ್ತು. ಜನ್ಮವಿಡೀ ಕುರಿ ನೋಡಿದವಳು ಅವಳು.

"ನೊಣ ಹೊಡ್ಕಳ್ತಿಲ್ಲ ಕಣ್ರೋ ಅವನು," ಎಂದಳು. "ಲೇ, ನನ್ನ ಮಗ ನೊಣ ಹೊಡ್ಕಳ್ತಿಲ್ಲ."

ಅಜ್ಜ ಹೊಸ ಕಂಬಳಿಯೊಂದನ್ನು ತಂದ. ಓಡಿಬಂದ ನೆರೆಯವರು ಅದರಲ್ಲಿ ಮಲಗಿಸಿ ನಾಲ್ಕು ಮೂಲೆ ಹಿಡಿದು ಎತ್ತಿದರು. ನಡುವೆ ಜೋತುಬಿದ್ದ ಕಂಬಳಿಯಲ್ಲಿ ಅವನ ತಲೆ ಹೆಜ್ಜೆಹೆಜ್ಜೆಗೂ ಆ ಕಡೆ ಈ ಕಡೆ ಹೊರಳುತ್ತಿತ್ತು. ನಮ್ಮವರು ಕಾಲು ಮುರಿದ ಕುರಿಯನ್ನು ಹೊರುವುದೇ ಹಾಗೆ, ಕಾಯಿಲೆಯ ಮನುಷ್ಯರನ್ನೂ ಹಾಗೆಯೇ. ಟೆಂಪೋದಲ್ಲಿ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೋಗುವವರೆಗೂ ಗುಂಡಿಗಳ ದಾರಿ. ಎಷ್ಟೋ ವರ್ಷಗಳ ಮೇಲೆ ನಾನು ಡಿಗ್ರಿ ಓದುವಾಗ ಕಾಲೇಜಿನಲ್ಲಿ ಪ್ರಥಮ ಚಿಕಿತ್ಸೆಯ ಶಿಬಿರ ನಡೆಯಿತು. ಕತ್ತಿಗೆ ಪೆಟ್ಟಾದವರನ್ನು ಅಲ್ಲಾಡಿಸಬಾರದು, ಗಟ್ಟಿ ಹಲಗೆಯ ಮೇಲೆ ಮಾತ್ರ ಸಾಗಿಸಬೇಕು ಎಂದು ಅಲ್ಲಿ ತೋರಿಸಿದರು. ನಾನು ಎದ್ದು ಹೊರಗೆ ಬಂದೆ. ನಮ್ಮ ಪಡಸಾಲೆಯ ಮೂಲೆಯಲ್ಲಿ ಮಗ್ಗದ ಹಲಗೆಗಳು ಒರಗಿಕೊಂಡಿದ್ದವು. ಅವನನ್ನು ಕಂಬಳಿಯಲ್ಲಿ ಎತ್ತಿದ್ದು ಆ ಹಲಗೆಗಳ ಎದುರಿಗೇ.

ಚಿಕ್ಕಪ್ಪ ಬದುಕಿದ. ಕತ್ತಿನ ಕೆಳಗೆ ಎಡಗೈಯ ಎರಡು ಬೆರಳು ಬಿಟ್ಟರೆ ಏನೂ ಅಲ್ಲಾಡುತ್ತಿರಲಿಲ್ಲ. ಮಗ್ಗ ಬಿಚ್ಚಿ ಆ ಜಾಗಕ್ಕೆ ಅವನ ಮಂಚ ಹಾಕಿದರು. ಅಜ್ಜ ಮತ್ತೆ ನೇಯಲಿಲ್ಲ. ಟೀವಿಯನ್ನು ಮಾತ್ರ ಅಜ್ಜನೇ ಎತ್ತಿ ಮಂಚದ ಎದುರಿಗಿಟ್ಟ. ಆಶ್ಚರ್ಯವೆಂದರೆ ವಾದ ನಿಲ್ಲಲಿಲ್ಲ. ಮೊದಮೊದಲು ಬೀರೇಶ ಬಾಯಿ ಬಿಡುತ್ತಿರಲಿಲ್ಲ, ಚಿಕ್ಕಪ್ಪನೇ, "ಏನಪ್ಪ ಗೂಳಿ ಭಕ್ತ, ನಾಲಿಗೆ ನಿಂದು ಬಿದ್ದೋಗೈತಾ, ನಂದಾ?" ಎಂದು ಕೆಣಕಿ ಕೆಣಕಿ ಮಾತಿಗೆಳೆದ. ಆದರೆ ಕರೆಂಟು ಹೋದ ಆ ದಿನದ ಕುಸ್ತಿಯಲ್ಲಿ ಗೆದ್ದವರು ಯಾರೆಂದು ಊರಿನವರೊಬ್ಬರು ಹೇಳಲು ಬಂದಾಗ, "ಬ್ಯಾಡ ಬಿಡ್ರಿ, ಬ್ಯಾರೆ ಏನಾರ ಮಾತಾಡ್ರಿ," ಎಂದ. ನಮಗೆ ಇವತ್ತಿಗೂ ಅದು ಗೊತ್ತಿಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಚಮಚದಲ್ಲಿ ಮಜ್ಜಿಗೆ ಕುಡಿಸುತ್ತಿದ್ದವಳು ತಡೆಯಲಾರದೆ ಹೇಳಿಬಿಟ್ಟೆ. ಅವತ್ತು ಉಣ್ಣೆ ತಣ್ಣಗಿತ್ತು, ನನ್ನ ಕೈಗೆ ತಿಳಿದಿತ್ತು ಎಂದೆ. ಅವನು ಮಜ್ಜಿಗೆ ನುಂಗಿದ.

"ಗೋಡೆ ಮ್ಯಾಲೆ ನಿಂತಾಗ ನಂಗೂ ಹಸಿ ಉಣ್ಣೆ ವಾಸನೆ ಬಂದಿತ್ತು ಕಣೇ," ಎಂದ. "ನೇಯೋನಿಗೆ ಗೊತ್ತಾಗಲ್ವಾ? ಮೀಸೆ ಒರೆಸು, ಸೋರ್ತೈತೆ."

ಅದು ನಿಜವೋ, ನನಗಾಗಿ ಕಟ್ಟಿದ್ದೋ, ಕೇಳುವ ಧೈರ್ಯ ನನಗಾಗಲಿಲ್ಲ.

ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಹೊರಳಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಹಗಲಿನಲ್ಲಿ ಯಾರಾದರೂ ಇರುತ್ತಿದ್ದರು. ರಾತ್ರಿಗೆ ಪಾಳಿ: ಮೊದಲು ಅಜ್ಜಿ, ಆಮೇಲೆ ನನ್ನ ಅಮ್ಮ, ಆಮೇಲೆ ಅಜ್ಜ, ಬೆಳಗಿನ ಜಾವಕ್ಕೆ ಬೀರೇಶ. ನಾನು ದೊಡ್ಡವಳಾದಂತೆ ಅಮ್ಮನ ಪಾಳಿ ನನಗೆ ಬಂತು. ಆರು ವರ್ಷ ನಮ್ಮ ಮನೆಯಲ್ಲಿ ಯಾರೂ ಒಂದು ಇಡೀ ರಾತ್ರಿ ಮಲಗಲಿಲ್ಲ. ಬೀರೇಶ ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಮದುವೆಗಳಿಗೆ ಹೋದರೂ ರಾತ್ರಿಗೆ ಮರಳುತ್ತಿದ್ದ. ಚಿಕ್ಕಪ್ಪನನ್ನು ಹೊರಳಿಸುವಾಗ ಒಂದು ಕೈಯನ್ನು ಅವನ ತಲೆಯ ಕೆಳಗೆ, ತುಳುಕುವ ನೀರಿನ ಪಾತ್ರೆಯಡಿ ಇಡುವಂತೆ ಇಡುತ್ತಿದ್ದ. ಆರನೆಯ ವರ್ಷದ ಚಳಿಗಾಲದಲ್ಲಿ ಚಿಕ್ಕಪ್ಪನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ನಾಲ್ಕು ದಿನ ಇದ್ದ. ಐದನೆಯ ದಿನ ಹೊಲದ ಬದುವಿನಲ್ಲಿ ಅವನನ್ನು ಮಣ್ಣು ಮಾಡಿ ಬಂದೆವು.

ಆ ರಾತ್ರಿಯೂ ಎಲ್ಲರಿಗೂ ಅವರವರ ಪಾಳಿಗೆ ಎಚ್ಚರವಾಯಿತು. ಮರುರಾತ್ರಿಯೂ ಆಯಿತು. ಅಜ್ಜಿ ಎದ್ದು ಕೂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸೆರಗು ಸರಿಮಾಡಿಕೊಂಡು ಮತ್ತೆ ಮಲಗುವುದು ಕೇಳಿಸುತ್ತಿತ್ತು. ಜಾವದಲ್ಲಿ ಬೀರೇಶ ಖಾಲಿ ಮಂಚದವರೆಗೂ ಬಂದು ನಿಂತು ಹೋಗುತ್ತಿದ್ದ. ಹೀಗೆ ಎಷ್ಟೋ ದಿನ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ನನ್ನ ಮುಖದ ಮೇಲೆ ಬಿಸಿಲು ಬಿದ್ದು ಎಚ್ಚರವಾಯಿತು. ಹಟ್ಟಿಯಲ್ಲಿ ಕುರಿಗಳು ಹಸಿದು ಒಂದೇ ಸಮನೆ ಅರಚುತ್ತಿದ್ದವು. ಪಡಸಾಲೆಯಲ್ಲಿ ಎಲ್ಲರೂ ಇದ್ದಲ್ಲೇ ನಿದ್ದೆಯಲ್ಲಿದ್ದರು, ಆ ರಾತ್ರಿ ಯಾರಿಗೂ ಪಾಳಿಯ ಎಚ್ಚರವಾಗಿರಲಿಲ್ಲ. ಅಜ್ಜ ಬಾಯಿ ತೆರೆದುಕೊಂಡು, ಅಮ್ಮ ಗೋಡೆಗೆ ತಿರುಗಿ, ಬೀರೇಶ ಬೋರಲಾಗಿ. ಅಜ್ಜಿ ಆಗಷ್ಟೇ ಎದ್ದು ಕೂತಿದ್ದಳು. ಬಾಗಿಲಿಂದ ಬಿದ್ದ ಬಿಸಿಲನ್ನು ನೋಡಿದಳು, ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಮಣ್ಣು ಮಾಡಿದ ದಿನ ಅಳದವಳು ಆಗ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಒಬ್ಬೊಬ್ಬರಾಗಿ ಎದ್ದರು. ಅವತ್ತು ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡದೆ ಚಹಾ ಕುಡಿದೆವು.