ಮಾವನವರ ರಸ್ತೆಗಳು

ನಮ್ಮ ಮಾವನವರ ಹಣೆಗೆ ಎರಡು ಬಣ್ಣವಿತ್ತು. ಹುಬ್ಬಿನಿಂದ ಎರಡು ಬೆರಳು ಮೇಲಿನವರೆಗೆ ಕಪ್ಪು, ಅಲ್ಲಿಂದ ಮೇಲೆ ಎಳೆಗೂಸಿನ ಮೈಯಂತೆ ಬಿಳುಪು, ನಡುವೆ ದಾರ ಹಿಡಿದು ಎಳೆದಂಥ ಗಡಿ. ಮೂವತ್ತು ವರ್ಷ ಬೆಂಡಿನ ಸೋಲಾ ಟೊಪ್ಪಿಗೆ ಹಾಕಿಕೊಂಡು ಬಿಸಿಲಲ್ಲಿ ತಿರುಗಿದ ಗುರುತು ಅದು. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಬಳಿದುಕೊಂಡರೆ ಕೆಳಗಿನ ಎರಡು ಗೆರೆ ಎದ್ದು ಕಾಣುತ್ತಿದ್ದವು. ಮೇಲಿನದೊಂದು ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತಿತ್ತು. “ನಿಮ್ಮದು ಎರಡೂವರಿ ಗೆರಿ ಭಕ್ತಿ ಅದ,” ಎಂದು ಅತ್ತೆ ನಗುತ್ತಿದ್ದರು.

ನಾನು ಗುಲಬರ್ಗಾದಿಂದ ನಾಸಿಕಕ್ಕೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ನಡುವಿನಲ್ಲಿ. ನನ್ನ ಗಂಡ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಬೆಳಕು ಹರಿಯುವ ಮೊದಲೇ ಕಾರ್ಖಾನೆಯ ಬಸ್ಸು ಹತ್ತಿ ಹೋದರೆ ಬರುವುದು ಸಂಜೆಗೇ. ಮಾವನವರು ಮೂಲತಃ ಬೀದರಿನವರು. ನಿಜಾಮರ ಕಾಲದಲ್ಲಿ ರಸ್ತೆ ಓವರಸಿಯರ್ ಆಗಿ ಸೇರಿ ಔರಂಗಾಬಾದ, ವೈಜಾಪುರದ ಸುತ್ತಲೇ ನೌಕರಿ ಮಾಡಿದವರು. ರಾಜ್ಯಗಳು ಹಂಚಿಹೋದಾಗ ಬೀದರ ಮೈಸೂರಿನ ಪಾಲಿಗೆ ಬಂತು, ಇವರ ರಸ್ತೆಗಳು ಆಚೆ ಕಡೆಗೆ ಉಳಿದವು. ಬೇಕಾದರೆ ಊರಿಗೆ ವರ್ಗ ಮಾಡಿಸಿಕೊಳ್ಳಬಹುದಿತ್ತು. “ರಸ್ತಾ ಬಿಟ್ಟು ನಾ ಎಲ್ಲಿ ಹೋಗ್ಲಿ?” ಎಂದು ಅಲ್ಲೇ ಉಳಿದರಂತೆ. ನಾನು ಬರುವ ಹೊತ್ತಿಗೆ, ಮಗನ ಹತ್ತಿರ ನಾಸಿಕದಲ್ಲಿದ್ದ ಅವರಿಗೆ ನಿವೃತ್ತಿಯಾಗಿತ್ತು. ಅವರ ಸೈಕಲ್ಲಿಗೆ ಮಾತ್ರ ಆಗಿರಲಿಲ್ಲ.

ದಿನಾ ಬೆಳಿಗ್ಗೆ ಒಂದು ದಿಕ್ಕು ಹಿಡಿದು ಹೊರಡುವರು. ಮೋರಿ ಕಂಡಲ್ಲಿ ಇಳಿದು, ಬಗ್ಗಿ, ಕೆಳಗೆ ನೀರು ಹೋಗಲು ದಾರಿ ಇದೆಯೋ ಇಲ್ಲವೋ ನೋಡುವರು. ಕಸಕಡ್ಡಿ ಸಿಕ್ಕಿಕೊಂಡಿದ್ದರೆ ಪಂಚೆ ಮೇಲೆತ್ತಿ ಕಟ್ಟಿ ಎಳೆದುಹಾಕುವರು. ಅದು ಯಾರ ಇಲಾಖೆಯ ಮೋರಿ, ಯಾವ ಜಿಲ್ಲೆಯದು ಎಂಬ ಭೇದವಿರಲಿಲ್ಲ. ಮನೆಗೆ ಬರುವಾಗ ಮೊಣಕೈವರೆಗೆ ಕೆಸರು.

ಅವರ ಹತ್ತಿರ ಇನ್ನೊಂದು ಆಸ್ತಿಯಿತ್ತು: ಒಂದು ದಪ್ಪ ಹಳೆಯ ಅಳತೆ ಪುಸ್ತಕ. ಅದರೊಳಗೆ ರದ್ದಿ ಅಂಗಡಿಯಿಂದ ತಂದ ಪತ್ರಿಕೆಗಳಿಂದ, ಹಳೆಯ ಕ್ಯಾಲೆಂಡರುಗಳಿಂದ ಕತ್ತರಿಸಿದ ರಸ್ತೆಯ ಚಿತ್ರಗಳನ್ನು ಅಂಟಿಸಿದ್ದರು. ಹಿಮದ ಬೆಟ್ಟಕ್ಕೆ ಹಾವಿನಂತೆ ಸುತ್ತಿಕೊಂಡ ಸ್ವಿಟ್ಜರ್ಲೆಂಡಿನ ರಸ್ತೆ, ಸಮುದ್ರದ ಅಂಚಿನಲ್ಲೇ ಓಡುವ ನಾರ್ವೆಯದು, ಎರಡೂ ಕಡೆ ಎತ್ತರದ ಮರ ನಿಂತ ಕಾಶ್ಮೀರದ್ದು. ಚಿತ್ರದಲ್ಲಿ ಸೈಕಲ್ ಸವಾರನೊಬ್ಬ ಇದ್ದರಂತೂ ಆ ಪುಟಕ್ಕೆ ವಿಶೇಷ ಮರ್ಯಾದೆ. ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕರೆದು ತೋರಿಸುವರು.

“ನೋಡು ತಾಯಿ, ಎಷ್ಟು ಚಂದ ತಿರುವು ಕೊಟ್ಟಾನ. ಆದ್ರ ಈ ಮೂಲ್ಯಾಗ ನೀರು ಹೋಗಲಾಕ ಜಾಗಾನೇ ಇಟ್ಟಿಲ್ಲ. ಮುಂದಿನ ಮಳಿಗಾಲಕ್ಕ ಕಿತ್ತು ಹೋಗ್ತದ.”

“ಮಾವಾರ, ಅಲ್ಲಿ ಮಳಿ ಅಲ್ಲರಿ, ಹಿಮ ಬೀಳ್ತದ,” ಎಂದೆ ಒಮ್ಮೆ.

“ಹಿಮ ಕರಗಿದ್ರ ಏನಾಗ್ತದ? ಎಣ್ಣಿ ಆಗ್ತದೇನು?” ಎಂದು ಕೇಳಿದರು.

ನಾನು ಮದುವೆಗೆ ಮುಂಚೆಯೇ ಹಿಂದಿ ಪರೀಕ್ಷೆಗಳನ್ನೆಲ್ಲ ಮುಗಿಸಿದ್ದೆ. ಬಂದ ಎರಡನೆಯ ವರ್ಷ ಊರಿನಿಂದ ಐದು ಮೈಲಿ ದೂರದ ಹಳ್ಳಿ ಶಾಲೆಯೊಂದರಿಂದ ಹಿಂದಿ ಶಿಕ್ಷಕಿಯ ಕೆಲಸಕ್ಕೆ ಕರೆ ಬಂತು. ಪತ್ರ ಓದಿ ಕುಣಿಯುವಂತಾಯಿತು. ಆದರೆ ಆ ಹಳ್ಳಿಗೆ ಇದ್ದ ಒಂದೇ ಬಸ್ಸು ಶಾಲೆಯ ಗಂಟೆ ಹೊಡೆದ ಮುಕ್ಕಾಲು ತಾಸಿನ ಮೇಲೆ ಮುಟ್ಟುತ್ತಿತ್ತು. ಒಂದು ತಿಂಗಳೊಳಗೆ ಹಾಜರಾಗದಿದ್ದರೆ ಕೆಲಸ ಬೇರೆಯವರಿಗೆ. ನಾನು ಪತ್ರವನ್ನು ಮಡಚಿ ಟ್ರಂಕಿನೊಳಗೆ ಇಟ್ಟುಬಿಟ್ಟೆ. ಮಾರನೆಯ ದಿನ ಮಾವನವರು ಎಲ್ಲಿಂದಲೋ ಅಡ್ಡ ಕೊಳವೆಯಿಲ್ಲದ, ಹೆಂಗಸರು ಹತ್ತುವಂಥ ಹಳೆಯ ಸೈಕಲ್ಲೊಂದನ್ನು ನೂಕಿಕೊಂಡು ತಂದು ಬಾಗಿಲಲ್ಲಿ ನಿಲ್ಲಿಸಿದರು.

ಅತ್ತೆ ಒಳಗಿನಿಂದ ಬಂದು ಅದನ್ನೂ ನನ್ನನ್ನೂ ನೋಡಿದರು. “ಸೊಸಿ ಸೈಕಲ್ ಮ್ಯಾಲ? ಬೀದರದಾಗ ನಮ್ಮ ಮಂದಿ ಏನಂದಾರು?”

“ಬೀದರಿಗಿ ಇಲ್ಲೀದು ಕಾಣ್ತದೇನು?” ಎಂದರು ಮಾವನವರು, ಚೈನಿಗೆ ಎಣ್ಣೆ ಬಿಡುತ್ತ.

ಗೋದಾವರಿಯ ದಂಡೆಯ ಮೈದಾನದಲ್ಲಿ ಪಾಠ ಶುರುವಾಯಿತು. ಸೊಸೆಯನ್ನು ಮುಟ್ಟಬಾರದೆಂಬ ಸಂಕೋಚ ಅವರಿಗೆ. ಆದರೆ ಹಿಡಿಯದೆ ಬಿಟ್ಟರೆ ನಾನು ಬೀಳುತ್ತೇನೆ. ಅದಕ್ಕೆ ತಮ್ಮ ಹಳೆಯ ಪಂಚೆಯೊಂದನ್ನು ಹಿಂದಿನ ಕ್ಯಾರಿಯರಿನೊಳಗೆ ತೂರಿಸಿ, ಅದರ ಎರಡು ತುದಿಗಳನ್ನು ಎತ್ತಿನ ಹಗ್ಗದ ಹಾಗೆ ಹಿಡಿದು ಹಿಂದೆ ಓಡುತ್ತಿದ್ದರು. ನಾನು ಎಡಕ್ಕೆ ವಾಲಿದರೆ ಬಲಗೈ ಜಗ್ಗುವರು, ಬಲಕ್ಕೆ ವಾಲಿದರೆ ಎಡಗೈ. ಘಾಟಿನಲ್ಲಿ ಬಟ್ಟೆ ಒಗೆಯುತ್ತಿದ್ದ ಮರಾಠಿ ಹೆಂಗಸರಿಗೆ ಇದು ದಿನದ ತಮಾಷೆಯಾಯಿತು. “ಧರಾ ಆಜೋಬಾ, ಧರಾ!” ಹಿಡೀರಿ ಅಜ್ಜಾ, ಹಿಡೀರಿ ಎಂದು ಕೂಗುವರು. ನಾನು ಬಿದ್ದರೆ ಅವರೇ ಓಡಿಬಂದು ಮೊಣಕಾಲಿನ ಮಣ್ಣು ಕೊಡವುವರು. ಎಂಟನೆಯ ದಿನ ಅವರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟತೊಡಗಿದರು. ಯಾಕೆಂದು ತಿರುಗಿ ನೋಡಿದೆ. ಮಾವನವರು ಬಹಳ ಹಿಂದೆ, ಪಂಚೆಯನ್ನು ಹೆಗಲ ಮೇಲೆ ಹಾಕಿಕೊಂಡು, ಆ ಹೆಂಗಸರ ಹತ್ತಿರ ಮಾತಾಡುತ್ತ ನಿಂತಿದ್ದರು. ನೋಡಿದ ಕೂಡಲೇ ಬಿದ್ದೆನೆನ್ನಿ. ಆದರೆ ಅಷ್ಟು ದೂರ ನಾನೊಬ್ಬಳೇ ಹೋಗಿದ್ದೆ.

ಕೆಲಸಕ್ಕೆ ಸೇರಿದೆ. ಮೊದಲ ಒಂದು ತಿಂಗಳು ಹಳ್ಳಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು, ಎರಡನೆಯ ತಿಂಗಳು ನೋಡುವುದನ್ನು ಬಿಟ್ಟರು. ಮಾವನವರು ಅಷ್ಟಕ್ಕೆ ಬಿಡಲಿಲ್ಲ. “ಸಾಲಿಗಿ ಹೋಗೂದು ನೌಕರಿ ಆತು. ಖರೇ ಸೈಕಲ್ ಇನ್ನೂ ನೀ ನೋಡಿಲ್ಲ,” ಎಂದು ಶ್ರಾವಣದ ಒಂದು ರವಿವಾರ ತ್ರ್ಯಂಬಕೇಶ್ವರಕ್ಕೆ ಹೊರಡಿಸಿದರು. ಹದಿನೆಂಟು ಮೈಲಿ. ಎಡಗಡೆ ಅಂಜನೇರಿ ಬೆಟ್ಟದ ತಲೆ ಮೋಡದೊಳಗೆ, ಮೈಮೇಲೆಲ್ಲ ಬಿಳಿ ನೂಲಿನಂಥ ಝರಿಗಳು. ಭತ್ತದ ಗದ್ದೆಯ ಹಸಿರು ಕಣ್ಣು ಕುಕ್ಕುತ್ತಿತ್ತು. ಸೀರೆ ತೊಯ್ದು ಕಾಲಿಗೆ ಸುತ್ತಿಕೊಂಡರೂ ನಾನು ನಗುತ್ತಿದ್ದೆ. ಆ ದಿನ ದೇವರ ದರ್ಶನವಾದದ್ದಕ್ಕಿಂತ ದಾರಿಯ ದರ್ಶನವೇ ಹೆಚ್ಚು ನೆನಪಿದೆ.

ದೀಪಾವಳಿ ರಜೆಗೆ ಅವರು ದೊಡ್ಡ ಯೋಜನೆಯನ್ನೇ ಹೊರತೆಗೆದರು. ನಾಸಿಕದಿಂದ ನಿಫಾಡ, ಯೇವಲಾ, ವೈಜಾಪುರದ ಮೇಲೆ ವೇರುಳಕ್ಕೆ, ಅಂದರೆ ಎಲ್ಲೋರಕ್ಕೆ, ಅಲ್ಲಿಂದ ಘಾಟು ಹತ್ತಿ ಇಳಿದು ದೌಲತಾಬಾದಿಗೆ. ಮಾವ, ಸೊಸೆ ಸೈಕಲ್ ಮೇಲೆ. ಅತ್ತೆ, ಮಗ ಬಸ್ಸಿನಲ್ಲಿ ಬಂದು ವೇರುಳದಲ್ಲಿ ಕೂಡಿಕೊಳ್ಳುವುದು.

ದೌಲತಾಬಾದಿನ ಹೆಸರೆತ್ತಿದ ಕೂಡಲೇ ಅತ್ತೆಯ ಮುಖ ಗಂಟಿಕ್ಕಿತು. ಅದಕ್ಕೆ ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡ ಹುಟ್ಟಿದ ವರ್ಷ ದೊಡ್ಡ ಮಳೆಗೆ ಆ ಘಾಟಿನ ರಸ್ತೆಯ ತಡೆಗೋಡೆ ಕುಸಿದಿತ್ತು. ಬೀದರಿನಲ್ಲಿ ಅತ್ತೆಗೆ ಹೆರಿಗೆ ಕಷ್ಟವಾಗಿ, ತಾಯಿ ಮಗು ಉಳಿಯುವುದೇ ಅನುಮಾನವೆಂದು ತಾರು ಹೋದರೂ ಮಾವನವರು ಬರಲಿಲ್ಲ. ಗೋಡೆ ಎದ್ದು ನಿಂತ ಮೇಲೆ, ಮೂರು ತಿಂಗಳ ಕೂಸನ್ನು ನೋಡಲು ಬಂದರು. ಇಪ್ಪತ್ತೈದು ವರ್ಷಗಳಿಂದ ಪ್ರತಿ ಜಗಳದ ಕೊನೆಗೂ ಅತ್ತೆ ಅದೇ ಮಾತಿಗೆ ಬರುತ್ತಿದ್ದರು: “ನಿಮಗ ಗ್ವಾಡಿ ದೊಡ್ಡದಾತು, ಮಗ ಸಣ್ಣವಾದ.” ಮಾವನವರು ಆ ಮಾತಿಗೆ ಎಂದೂ ಎದುರಾಡಿದ್ದಿಲ್ಲ.

ಈ ಸಲ ಮಾತ್ರ ಅತ್ತೆ, “ಬರ್ತೀನಿ. ಅದೆಂಥಾ ಗ್ವಾಡಿ ಅಂತ ಒಮ್ಮೆ ನೋಡೇ ಬಿಡ್ತೀನಿ,” ಎಂದರು.

ಐದು ದಿನದ ಆ ಸವಾರಿಯನ್ನು ಹೇಳಿ ತೀರುವುದಿಲ್ಲ. ನಿಫಾಡದ ಕಡೆ ಕಬ್ಬಿನ ಗಾಡಿಯವರು ಗಳ ಮುರಿದು ಕೈಗೆ ಕೊಟ್ಟರು. ಯೇವಲಾದ ಓಣಿಗಳಲ್ಲಿ ಮನೆಮನೆಯ ಒಳಗಿನಿಂದ ಮಗ್ಗದ ಸದ್ದು. ಅದು ದಾಟಿದರೆ ಮರವಿಲ್ಲದ ಬಯಲು, ಸಜ್ಜೆಯ ಹೊಲ, ಕಣ್ಣು ಹರಿದಷ್ಟೂ ನೇರ ರಸ್ತೆ. ವೈಜಾಪುರದಲ್ಲಿ ನಮ್ಮ ಕಡೆಯ ಕಿರಾಣಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಇಳಿದೆವು. ಅವರ ಮುದಿ ತಾಯಿ ನನ್ನ ಪಕ್ಕ ಕೂತು ವಿಚಾರಣೆ ಶುರುಮಾಡಿದರು.

“ಹೊರಗ ಕುಂತಾರಲ್ಲ, ಅವರು ನಿಮ್ಮಪ್ಪಾರೇನವ್ವ?”

“ಅಲ್ಲರಿ, ನಮ್ಮ ಮಾವನೋರು.”

“ಮಾವನ ಸಂಗಟ ಸೈಕಲ್ ಹೊಡಕೊಂಡು ಬಂದೇನು? ನಮ್ಮ ಮಾವ ಸಾಯೂತನಕ ನನ್ನ ಮಾರಿ ನೋಡಲಿಲ್ಲ, ನಾ ಅವರ ಮಾರಿ ನೋಡಲಿಲ್ಲ!” ಅಷ್ಟು ಹೇಳಿ ನಗತೊಡಗಿದವರು, ನಗು ತಡೆಯಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಬೆಳಿಗ್ಗೆ ಹೊರಡುವಾಗ ಶೇಂಗಾ ಹೋಳಿಗೆಯ ಗಂಟನ್ನು ತಾವೇ ನನ್ನ ಹ್ಯಾಂಡಲಿಗೆ ಕಟ್ಟಿದರು. ಕಟ್ಟಿ ಮೆಲ್ಲಗೆ ಗಂಟೆಯನ್ನು ಒಮ್ಮೆ ಬಾರಿಸಿ ನೋಡಿದರು.

ವೇರುಳದಲ್ಲಿ ಘೃಷ್ಣೇಶ್ವರನ ದರ್ಶನ ಮುಗಿಸಿದೆವು. ಖುಲ್ದಾಬಾದಿನ ಏರನ್ನು ನಾಲ್ವರೂ ನಡೆದೇ ಹತ್ತಿದೆವು, ಸೈಕಲ್ ನೂಕಿಕೊಂಡು. ನೆತ್ತಿ ದಾಟಿ ಮುಂದೆ ಹೋದರೆ ರಸ್ತೆ ಕೆಳಕ್ಕೆ ಬಾಗುತ್ತದೆ. ಕೆಳಗೆ ಬಯಲಿನ ನಡುವೆ, ಯಾರೋ ಕೆತ್ತಿ ನಿಲ್ಲಿಸಿದ ಗೋಪುರದ ಹಾಗೆ ದೌಲತಾಬಾದಿನ ಕೋಟೆಯ ಗುಡ್ಡ. ಇಳಿಯುವ ಬಸ್ಸಿಗಾಗಿ ನನ್ನ ಗಂಡ ಕೈಚೀಲಗಳೊಂದಿಗೆ ನಿಂತರು. ಅತ್ತೆ ನಿಲ್ಲಲಿಲ್ಲ.

“ನಾನೂ ಸೈಕಲ್ ಮ್ಯಾಲೇ ಇಳೀತೀನಿ.”

ಮಾವನವರ ಮುಖ ಅರಳಿತು. ತಮ್ಮ ಕ್ಯಾರಿಯರಿನ ಮೇಲೆ ಟವೆಲ್ ಮಡಚಿ ಹಾಸಿದರು. ಅತ್ತೆ ಅದನ್ನೆತ್ತಿಕೊಂಡು ಬಂದು ನನ್ನ ಕ್ಯಾರಿಯರಿನ ಮೇಲೆ ಹಾಸಿದರು. “ನಿಮ್ಮ ಹಿಂದ ನಾ ಕೂಡಂಗಿಲ್ಲ. ಮೋರಿ ಕಂಡಲ್ಲೆಲ್ಲ ಇಳೀತೀರಿ. ಹೊತ್ತು ಮುಣುಗಿದ್ರೂ ಊರು ಮುಟ್ಟಂಗಿಲ್ಲ. ನಾ ಸೊಸಿ ಹಿಂದ ಕೂಡ್ತೀನಿ.”

ಅಲ್ಲಿಯವರೆಗೆ ನಾನು ಯಾರನ್ನೂ ಹಿಂದೆ ಕೂರಿಸಿಕೊಂಡವಳಲ್ಲ. ಅತ್ತೆ ಹಗುರ ಆಸಾಮಿಯೂ ಅಲ್ಲ. ಬಲಕ್ಕೆ ಕಮರಿ. ಮಾವನವರು ಬಂದು ನನ್ನ ಎರಡೂ ಬ್ರೇಕುಗಳನ್ನು ಹಿಡಿದು ನೋಡಿದರು. “ಎರಡೂ ಬ್ರೇಕು ಕೂಡೇ ಹಿಡಿ. ಕಣ್ಣು ಗಾಲಿ ಮ್ಯಾಲ ಬ್ಯಾಡ, ಮುಂದಿನ ತಿರುವಿನ ಮ್ಯಾಲ ಇಡು. ನಾ ಮುಂದ ಇರ್ತೀನಿ,” ಎಂದು ಗಂಟೆ ಬಾರಿಸುತ್ತ ಹೊರಟರು.

ಅತ್ತೆ ಎರಡೂ ಕೈಯಿಂದ ನನ್ನ ನಡುವನ್ನು ಬಿಗಿಹಿಡಿದು “ಶಿವ ಶಿವಾ” ಎನ್ನತೊಡಗಿದರು. ಮುಂದಿನಿಂದ ಮಾವನವರ ದನಿ: “ಎಡಕ್ಕ ತಿರುವು! ಖಡಿ ಬಿದ್ದದ, ನಡುವಿನಿಂದ ಬಾ! ಲಾರಿ ಬರ್ಲಾಕತ್ತದ, ಮೆಲ್ಲಕ!” ಆ ದನಿಯನ್ನೇ ಹಿಡಿದುಕೊಂಡು ಇಳಿದೆ. ಮೂರು ತಿರುವು ಕಳೆದ ಮೇಲೆ ಅವರು ಇದ್ದಕ್ಕಿದ್ದಂತೆ ಕೆಳಗಿಳಿದು ರಸ್ತೆಯ ಬದಿಗೆ ನಿಂತರು. ನಾನೂ ನಿಲ್ಲಿಸಿದೆ.

ಕಮರಿಯ ಅಂಚಿನಲ್ಲಿ ಕರಿಗಲ್ಲಿನ ಗೋಡೆ. ಆಳೆತ್ತರಕ್ಕಿಂತ ಹೆಚ್ಚು ಭಾಗ ಕೆಳಗೇ ಇತ್ತು. ಮೇಲೆ ಕಾಣುತ್ತಿದ್ದದ್ದು ಮೊಣಕಾಲಿನಷ್ಟು. ಅತ್ತೆಗೆ ಅದು ಯಾವುದೆಂದು ತಿಳಿಯಿತು. ಹತ್ತಿರ ಹೋಗಿ, ಬಗ್ಗಿ ಕೆಳಗೆ ನೋಡಿದರು. ಅಂಗೈಯಿಂದ ಗೋಡೆಯನ್ನು ಎರಡು ಸಲ ತಟ್ಟಿದರು, ಕುಂಬಾರನ ಹತ್ತಿರ ಗಡಿಗೆ ತಟ್ಟಿ ನೋಡುವಂತೆ.

“ಇದರ ಸಲುವಾಗೇ ಬರಲಿಲ್ಲೇನ್ರಿ?”

“ಹೂಂ,” ಎಂದರು ಮಾವನವರು. ಟೊಪ್ಪಿಗೆ ಕೈಯಲ್ಲಿತ್ತು. “ಆವತ್ತು ಈ ಕಡಿ ಹನ್ನೊಂದು ಹಳ್ಳಿ ಮಂದಿಗಿ ದಾರಿ ಇದ್ದಿದ್ದಿಲ್ಲ. ತಾರು ಬಂದಾಗ ಪಾಯಾ ತೆಗದಿದ್ದೆ. ಬಿಟ್ಟು ಬಂದಿದ್ರ ಮತ್ತ ಕುಸೀತಿತ್ತು. ತಪ್ಪು ಆದದ್ದು ಖರೇ. ನಿನಗ ಒಂದ್ ಮಾತು ಹೇಳಬೇಕಿತ್ತು. ಇಷ್ಟು ವರ್ಷ ಹೇಳಲಾಕ ಬಾಯಿ ಬರಲಿಲ್ಲ,” ಎಂದರು.

ಆಗ ಕೆಳಗಿನಿಂದ ಒಂದು ಲಾರಿ ಏದುಸಿರು ಬಿಡುತ್ತ ಬಂತು. ಹಿಂದೆ ತುಂಬ ಮದುವೆಯ ಜನ, ನಡುವೆ ಬಾಸಿಂಗ ಕಟ್ಟಿದ ಮದುಮಗ. ಗೋಡೆಯ ಅಂಚಿಗೆ ಗೇಣು ದೂರದಲ್ಲಿ ಅದರ ಗಾಲಿಗಳು ಹಾದುಹೋದವು. ಗೋಡೆ ಮಿಸುಕಲಿಲ್ಲ. ಅತ್ತೆ ಆ ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತರು.

“ಗಟ್ಟಿ ಕಟ್ಟೀರಿ,” ಎಂದರು. ಬಂದು ನನ್ನ ಹಿಂದೆ ಕೂತರು. “ನಡಿ ಮಗಳ, ಇನ್ನ ಜ್ವಾರಲೆ ಬಿಡು.”

ಉಳಿದ ಇಳಿಜಾರಿನಲ್ಲಿ ಅವರು ಶಿವನನ್ನು ಕರೆಯಲಿಲ್ಲ. ಗಾಳಿಗೆ ಸೆರಗು ಹಾರಿ ನನ್ನ ಕಿವಿಗೆ ಪಟಪಟ ಬಡಿಯುತ್ತಿತ್ತು. ಮೊದಲು ಸಣ್ಣಗೆ, ಆಮೇಲೆ ಊರೇ ಕೇಳುವಂತೆ ಅತ್ತೆ ನಗತೊಡಗಿದರು. ಮುಂದೆ ಹೋಗುತ್ತಿದ್ದ ಮಾವನವರು ಆ ನಗು ಕೇಳಿ, ತಿರುವೇ ಇಲ್ಲದ ಕಡೆಯೂ ಸುಮ್ಮಸುಮ್ಮನೆ ಗಂಟೆ ಬಾರಿಸಿದರು. ಅವತ್ತು ದಾರಿಯಲ್ಲಿ ಎರಡು ಮೋರಿ ಸಿಕ್ಕವು. ಎರಡನ್ನೂ ನೋಡದೆ ದಾಟಿದರು.

ಕೋಟೆಯ ಬಾಗಿಲಲ್ಲಿ ಚಹಾ ಕುಡಿಯುವಾಗ ಕೇಳಿದೆ, “ಮಾವಾರ, ನಿಮ್ಮ ಪುಸ್ತಕದಾಗಿನ ರಸ್ತಾ ಚಂದೋ, ಇದು ಚಂದೋ?”

ತಟ್ಟೆಯಲ್ಲಿದ್ದ ಚಹಾ ಊದುತ್ತ ಯೋಚಿಸಿದರು. “ಅವು ಚಿತ್ರದಾಗ ಚಂದ ಅವ. ಇಲ್ಲಿ ನಿಮ್ಮತ್ತಿ ನಕ್ಕಳಲ್ಲ,” ಎಂದರು.

ಆಮೇಲಿನ ಹತ್ತು ಹನ್ನೊಂದು ವರ್ಷ ಪ್ರತಿ ರಜೆಗೂ ಎಲ್ಲಿಗಾದರೂ ಹೊರಟೇ ಹೊರಡುತ್ತಿದ್ದೆವು. ನನಗೆ ಮಗಳು ಹುಟ್ಟಿದ ಮೇಲೆ ಅವಳನ್ನು ಮುಂದೆ ಸಣ್ಣ ಸೀಟಿನಲ್ಲಿ ಕೂರಿಸಿಕೊಂಡು ಮಾವನವರೇ ಸುತ್ತಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ, ಒಂದು ಬೆಳಿಗ್ಗೆ ತಿಂಡಿ ಮುಗಿಸಿ, ಎದೆ ಹಿಡಿದಂತಾಗುತ್ತದೆಂದು ಹೇಳಿ ಕೋಣೆಯಲ್ಲಿ ಮಲಗಿದವರು ಏಳಲಿಲ್ಲ.

ಸುದ್ದಿ ಹೇಗೆ ಮುಟ್ಟಿತೋ ತಿಳಿಯದು. ಮಧ್ಯಾಹ್ನದ ಹೊತ್ತಿಗೆ ನಿಫಾಡದ ಕಡೆಯ ರಸ್ತೆ ದುರಸ್ತಿಯ ಗ್ಯಾಂಗಿನ ಜನ ಬರತೊಡಗಿದರು. ಎಲ್ಲರೂ ಸೈಕಲ್ ಮೇಲೆ, ಬೆವರಿಳಿಸುತ್ತ. ನಮ್ಮ ಓಣಿಯ ಗೋಡೆಗೆ ಹದಿನೆಂಟು ಸೈಕಲ್ ಒರಗಿ ನಿಂತವು. ಅವರು ಯಾರೂ ಮಾವನವರ ಕೈಕೆಳಗೆ ದುಡಿದವರಲ್ಲ. ಮೋರಿಯ ಹತ್ತಿರ ಸಿಕ್ಕಿ, ರೊಟ್ಟಿ ಹಂಚಿಕೊಂಡು ಪರಿಚಯವಾದವರು. ಮಣ್ಣು ಮಾಡುವ ಜಾಗ ಊರ ಹೊರಗೆ ನಾಲ್ಕು ಮೈಲಿ. ಲಾರಿಯಲ್ಲಿ ಮಾವನವರನ್ನು ಕೂರಿಸಿ ಹೂವು ಹಾಕಿದರು. ಹೆಂಗಸರು ಅಲ್ಲಿಯವರೆಗೆ ಹೋಗುವ ರೂಢಿ ನಮ್ಮ ಮನೆತನದಲ್ಲಿರಲಿಲ್ಲ. ನಾನು ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದೆ.

ಅತ್ತೆ ಒಳಗಿನಿಂದ ಎದ್ದು ಬಂದರು. ಕಣ್ಣು ಕೆಂಪಾಗಿದ್ದವು, ದನಿ ಗಟ್ಟಿಯಾಗಿತ್ತು. “ಇಲ್ಲಿ ಯಾಕ ನಿಂತಿ? ಸೈಕಲ್ ತೆಗಿ. ಹೋಗು, ಅವರನ್ನ ಅಲ್ಲೀತನಕ ಮುಟ್ಟಿಸಿ ಬಾ.”

ನೆರೆದವರಲ್ಲಿ ಒಬ್ಬರಿಬ್ಬರು ಹಿರಿಯರು ಏನೋ ಅನ್ನಲು ಬಾಯಿ ತೆರೆದರು. ಅತ್ತೆ ಅವರ ಕಡೆ ನೋಡಲಿಲ್ಲ.

ನಾನು ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸೈಕಲ್ ಹೊರಗೆ ತಂದೆ. ಲಾರಿ ಮೆಲ್ಲಗೆ ಹೊರಟಿತ್ತು. ಅದರ ಹಿಂದೆ ಸಾಲುಗಟ್ಟಿದ್ದ ಗ್ಯಾಂಗಿನವರಲ್ಲಿ ನರೆತ ಮೀಸೆಯ ಒಬ್ಬ ಹಿರಿಯ ನನ್ನನ್ನು ಕಂಡು ಕೈ ಎತ್ತಿದ. ಸಾಲು ನಿಂತಿತು. ಎಲ್ಲರೂ ತಮ್ಮ ಸೈಕಲ್ಲುಗಳನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಲಾರಿಗೆ ಹತ್ತಿರದ ಮೊದಲನೆಯ ಜಾಗವನ್ನು ನನಗೆ ಬಿಟ್ಟುಕೊಟ್ಟರು.