ಮಹಡಿಯ ಕೋಣೆಯ ಹೆಂಗಸು

ದೇಚಮ್ಮನವರಿಗೆ ಸಿನಿಮಾ ಹುಚ್ಚು ಯಾವತ್ತೂ ಇರಲಿಲ್ಲ. ಮೂವತ್ತೆರಡು ವರ್ಷ ನರ್ಸಾಗಿ ದುಡಿದು, ನಿವೃತ್ತಿಯ ನಂತರ ದೇಶದ ರಾಜಧಾನಿಯ ಕಿದ್ವಾಯಿ ನಗರದಲ್ಲಿ ಮಗಳು ಬೃಂದಾಳ ಸರ್ಕಾರಿ ಕ್ವಾರ್ಟರ್ಸಿಗೆ ಬಂದಿದ್ದರು. ೨೦೦೩ರ ಜನವರಿ, ಬಿಸಿಲೇ ಕಾಣದ ಒಂದು ಭಾನುವಾರ ಮಧ್ಯಾಹ್ನ ಕೆಳಗಿನ ಮನೆಯ ಚಂದ್ರಮೋಹನ ಬಂದು ಕರೆದ. "ಹಳೇ ಕಪ್ಪು-ಬಿಳುಪು ಪಿಕ್ಚರಿನ ಸೀಡಿ ಸಿಕ್ಕಿದೆ. ದೆವ್ವದ ಬಂಗಲೆ ಕತೆ. ಹೀಟರ್ ಹಾಕಿದೀನಿ, ಬನ್ನಿ." ಹೀಟರಿನ ಆಸೆಗೇ ಅವರು ಹೋದದ್ದು.

ಹತ್ತೇ ನಿಮಿಷದಲ್ಲಿ ಸಾಕಾಗಿಹೋಯಿತು. ಮೇಣದಬತ್ತಿ ಹಿಡಿದು ಮೆಟ್ಟಿಲು ಹತ್ತಲು ಶುರುಮಾಡಿದ ನಾಯಕ ಹತ್ತುತ್ತಲೇ ಇದ್ದ. ಬಾಗಿಲು ಕಿರುಗುಟ್ಟಲು ಒಂದು ಯುಗ, ಅದನ್ನು ಕೇಳಿ ನಾಯಕಿ ಮೂರ್ಛೆ ಹೋಗಲು ಇನ್ನೊಂದು. ಬಿದ್ದವಳ ನಾಡಿ ಹಿಡಿದು ನೋಡುವವರು ಆ ಮನೆಯಲ್ಲಿ ಒಬ್ಬರೂ ಇಲ್ಲ, ಎಲ್ಲರೂ ನೀರೆರಚುವವರೇ. ದೇಚಮ್ಮ ಶಾಲು ಬಿಗಿಯಾಗಿ ಹೊದ್ದು, ಹಲ್ಲು ಕಚ್ಚಿ ಕೂತರು.

ಎರಡನೇ ಸೀಡಿಯ ಕೊನೆಗೆ ರಹಸ್ಯ ಬಯಲಾಯಿತು. ಮಹಡಿಯಲ್ಲಿ ಅಳುತ್ತಿದ್ದದ್ದು ದೆವ್ವವಲ್ಲ, ಬಂಗಲೆಯೊಡೆಯ ಜಮೀನ್ದಾರನ ಮೊದಲ ಹೆಂಡತಿ. ಅವಳು ಸತ್ತಳೆಂದು ಊರಿಗೆಲ್ಲ ಹೇಳಿ ಹನ್ನೆರಡು ವರ್ಷ ಕೂಡಿಹಾಕಿದ್ದ. ಹುಚ್ಚಿ ಎಂದ, ಅಷ್ಟೇ ಕಾರಣ. ಅವಳು ತಾರಸಿಯಿಂದ ಹಾರಿದಳು, ಅವನು ಕಣ್ಣೊರೆಸಿಕೊಂಡ, ನಾಯಕ ಅವನ ಕಾಲಿಗೆರಗಿ ಅವನ ಮಗಳಾದ ನಾಯಕಿಯ ಕೈ ಹಿಡಿದ.

"ಕ್ಯಾ ಕ್ಲೈಮ್ಯಾಕ್ಸ್, ಪಪ್ಪಾ!" ಎಂದು ಚಂದ್ರಮೋಹನನ ಮಗಳು ಸಿಂಚನಾ ಚಪ್ಪಾಳೆ ತಟ್ಟಿದಳು.

"ಥೂ," ಎಂದರು ದೇಚಮ್ಮ.

"ಯಾಕೆ, ಬೋರ್ ಆಯ್ತಾ?" ಚಂದ್ರಮೋಹನ ಪೆಚ್ಚಾದ.

"ಬೋರಾಗಿದ್ರೆ ನಿದ್ದೆಯಾದ್ರೂ ಬರ್ತಿತ್ತು. ಹೇಸಿಗೆ ಆಯ್ತು. ಹನ್ನೆರಡು ವರ್ಷ ಅವಳಿಗೆ ಊಟ ಒಯ್ದವರು ಯಾರು? ಹೊಲಸು ಬಳಿದವರು ಯಾರು? ಅವರಿಗೆಲ್ಲ ಗೊತ್ತಿತ್ತು ತಾನೆ?"

"ಅದು ಬರೀ ಕತೆ, ದೇಚಮ್ಮನವರೇ."

"ನಾನು ನೋಡಿದ್ದು ಕತೆ ಅಲ್ಲ."

ಆಮೇಲೆ ಅವರು ಹೇಳಿದರು. ಎಪ್ಪತ್ನಾಲ್ಕರಲ್ಲಿ ಉತ್ತರದ ಒಂದು ಗುಡ್ಡದೂರಿನ ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ಗುತ್ತಿಗೆದಾರನ ಬಂಗಲೆಯ ಹಿಂದೆ ಯಾರೂ ಓಡಾಡುತ್ತಿರಲಿಲ್ಲ, ದೆವ್ವವಿದೆಯೆಂದು. ಒಂದು ದಿನ ಅವನ ತಾಯಿಗೆ ಇಂಜೆಕ್ಷನ್ ಕೊಡಲು ಹೋದ ದೇಚಮ್ಮನವರಿಗೆ ಮಹಡಿಯಿಂದ ಕೆಮ್ಮು ಕೇಳಿಸಿತು. ವಾರ್ಡಿನಲ್ಲಿ ದಿನವೂ ಕೇಳುತ್ತಿದ್ದ ಕ್ಷಯದ ಕೆಮ್ಮು. ಅಡುಗೆಮನೆಯ ಗುಂಡುಕಲ್ಲು ಎತ್ತಿಕೊಂಡು ಹೋಗಿ ಬೀಗ ಒಡೆದರು. ಒಳಗೆ ಗುತ್ತಿಗೆದಾರನ ಹೆಂಡತಿ. ಕೂದಲು ಜಡೆಗಟ್ಟಿತ್ತು. ತಟ್ಟೆ ಇದ್ದಲ್ಲೇ ಹೇಲು.

"ಹೆಗಲ ಮೇಲೆ ಹಾಕ್ಕೊಂಡು ಇಳಿದೆ. ಇಪ್ಪತ್ತೆಂಟು ಕೇಜಿ ಇದ್ದಳು. ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ತಡೆಯಲೂ ಇಲ್ಲ, ಒಂದು ಕೈ ಕೊಡಲೂ ಇಲ್ಲ. ಮನೆಯ ಉಳಿದ ಸೊಸೆಯಂದಿರು ಮೂಗಿಗೆ ಸೆರಗು ಹಿಡಿದರು."

"ಬಚ್ ಗಯೀ, ಆಂಟಿ?" ಸಿಂಚನಾಳ ದನಿ ಇಳಿದಿತ್ತು.

"ಬದುಕಿದಳು. ಎಂಟು ತಿಂಗಳಲ್ಲಿ ಗುಣವಾಗಿ ತಮ್ಮನ ಮನೆಗೆ ಹೋದಳು. ನನ್ನನ್ನು ವಾರದಲ್ಲೇ ಬೇರೆ ಊರಿಗೆ ಎತ್ತಿಹಾಕಿದರು, ಬೀಗ ಒಡೆದಿದ್ದಕ್ಕೆ."

"ಔರ್ ವೋ ಆದ್ಮಿ?"

"ಅವನಾ? ಮರುವರ್ಷ ಅದೇ ಆಸ್ಪತ್ರೆಯ ಹೊಸ ವಾರ್ಡಿನ ರಿಬ್ಬನ್ ಕತ್ತರಿಸಿದ. ಅವನಿಗೆ ಹಾರ ಹಾಕಿದವಳು ನಮ್ಮ ಮೇಟ್ರನ್."

ಚಂದ್ರಮೋಹನ ಸೀಡಿಯನ್ನು ಡಬ್ಬಿಗೆ ಹಾಕಿ, ಚಹಾ ತಂದಿಟ್ಟ. ದೇಚಮ್ಮ ಲೋಟ ಎತ್ತಿದರು. ಬಾಯಿಯ ಹತ್ತಿರ ಒಯ್ದವರು ತಮ್ಮ ಬೆರಳು ಮೂಸಿದರು. ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಮೇಲಕ್ಕೆ ಹೋದವರೇ ಕೊರೆಯುವ ನೀರಿನಲ್ಲಿ ಕೈಗಳನ್ನು ಮೊಣಕೈವರೆಗೆ ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡರು.